ಗೌರಿ ಬಲಕ್ಕೆ ಬಂದ ಬೀಸಣಿಕೆ

ಸಿಂದಗಿ ಬಸ್ ಸ್ಟ್ಯಾಂಡಿನಲ್ಲಿ ಶೈಲಶ್ರೀ ಕೂತಲ್ಲಿ ಕೂರದೆ, ನಿಂತಲ್ಲಿ ನಿಲ್ಲದೆ ಒದ್ದಾಡುತ್ತಿದ್ದಳು. ಇಂಡಿಯಿಂದ ಸಗೀರಾ ಬೀಸಣಿಕೆಗಳನ್ನು ತರಬೇಕು. ಇಬ್ಬರೂ ಕೂಡಿ ಮುದ್ದೇಬಿಹಾಳಕ್ಕೆ ಹೋಗಿ ಗುರವ್ವಾಯಿಗೆ ಒಪ್ಪಿಸಬೇಕು. ಮರುದಿನವೇ ಆಯಿಯ ಮೊಮ್ಮಗಳ ಮದುವೆ. ಬಂದ ಹೆಣ್ಣುಮಕ್ಕಳ ಕೈಗೆಲ್ಲ ಚಿತ್ರದ ಬೀಸಣಿಕೆ ಕೊಡುವುದು ಮುದುಕಿಯ ಹೌಸು, ಬಹುದಿನದ ಆಸೆ.

ಚಿತ್ರ ಶೈಲಶ್ರೀಯದು. ಮಡಚುವುದು, ಹಿಡಿಕೆ, ಮಣಿ, ಗೊಂಡೆ ಎಲ್ಲ ಸಗೀರಾಳದು. ಜಡೆಯ ಅಲಂಕಾರ, ಸರ, ಓಲೆ ಮಾಡಿ ಮಾರಿಕೊಂಡು ತನ್ನ ಪಾಡಿಗಿದ್ದ ಅವಳನ್ನು ಈ ಉಸಾಬರಿಗೆ ಎಳೆದವಳೂ ಶೈಲಶ್ರೀಯೇ. ಈ ಸಲದ್ದು ಅರ್ಧನಾರೀಶ್ವರ. ಬಟ್ಟೆಯ ಮೇಲೆ ಶಿವನದೊಂದು ಪಟ್ಟಿ, ಗೌರಿಯದೊಂದು ಪಟ್ಟಿ ಎಂದು ಸಾಲಾಗಿ ಬರೆದಿದ್ದಳು. ಸರಿಯಾಗಿ ಮಡಚಿದರೆ ಬೀಸಣಿಕೆಯನ್ನು ಒಂದು ಪಕ್ಕದಿಂದ ನೋಡಿದಾಗ ಶಿವ, ಇನ್ನೊಂದು ಪಕ್ಕದಿಂದ ಗೌರಿ. ಅದೊಂದು ಯೋಚನೆ ಹೊಳೆದಾಗಿನಿಂದ ಅವಳಿಗೆ ಸರಿಯಾಗಿ ನಿದ್ದೆಯಿಲ್ಲ.

ಸಗೀರಾ ನಗುತ್ತ ಬಸ್ಸಿಳಿದಳು. ಶೈಲಶ್ರೀ ಕುಶಲವನ್ನೂ ಕೇಳದೆ ಚೀಲಕ್ಕೆ ಕೈಹಾಕಿ ಒಂದನ್ನು ಬಿಚ್ಚಿದಳು. ಶಿವನ ಎಡಕ್ಕಿರಬೇಕಾದ ಗೌರಿ ಬಲಕ್ಕಿದ್ದಳು. ಇನ್ನೊಂದು ಬಿಚ್ಚಿದಳು. ಅದೂ ಹಾಗೆಯೇ.

"ಎಲ್ಲಿಂದ ಮಡಚಾಕ ಚಾಲೂ ಮಾಡಿದಿ?"

"ಬಲಗಡಿಂದ. ಯಾಕ?"

ಉರ್ದು ಸಾಲಿಯಲ್ಲಿ ಓದಿದವಳು, ಬಲದಿಂದ ಶುರುಮಾಡುವುದು ಅವಳ ಕೈಗೆ ರೂಢಿ; ಮಡಿಕೆಗಳು ತಿರುಗಿ ಬಿದ್ದು ಪಕ್ಕಗಳು ಅದಲುಬದಲಾಗಿದ್ದವು. ಎಲ್ಲಿಂದ ಮಡಚಬೇಕೆಂದು ಗುರುತು ಹಾಕದೆ ಬಟ್ಟೆ ಕಳಿಸಿದವಳು ಯಾರು ಎಂದು ಮಾತ್ರ ಕೇಳಬೇಡಿ. ಶೈಲಶ್ರೀಗೆ ಸಿಟ್ಟು ನೆತ್ತಿಗೇರಿದಾಗ ಅಂಥ ಪ್ರಶ್ನೆಗಳು ಅವಳ ಹತ್ತಿರವೂ ಸುಳಿಯುವುದಿಲ್ಲ.

"ನಿನಗೇನ್ ಗೊತ್ತಾಗಬೇಕು? ನಿಮ್ಮ ದೇವರಾಗಿದ್ರ ಹಿಂಗ ಮಾಡ್ತಿದ್ದಿಯೇನು?"

ಸಗೀರಾಳ ನಗು ಅಲ್ಲೇ ನಿಂತಿತು. ಬೀಸಣಿಕೆಗಳನ್ನು ಒಂದೊಂದಾಗಿ ಮುಚ್ಚಿ, ಗೊಂಡೆ ಸಿಕ್ಕಾಗದಂತೆ ಚೀಲದೊಳಗಿಟ್ಟಳು.

"ನಾ ದೇವರನ್ನ ಮಡಚಿಲ್ಲ ಶೈಲಾ. ನಿನ್ನ ಚಿತ್ರ ಮಡಚೇನಿ," ಎಂದಳು.

ಇಬ್ಬರೂ ಮುದ್ದೇಬಿಹಾಳದ ಬಸ್ಸು ಹತ್ತಿದರು. ಬಿಚ್ಚಿ ಮತ್ತೆ ಮಡಚಲು ಹೊತ್ತಿಲ್ಲ, ಹಾಗೇ ಕೊಡಲು ಧೈರ್ಯವಿಲ್ಲ. ಶೈಲಶ್ರೀ ಉಗುರು ಕಚ್ಚುತ್ತಲೇ ಇದ್ದಳು.

ಗುರವ್ವಾಯಿ ಕನ್ನಡಕ ಏರಿಸಿ ಆ ಕಡೆಯಿಂದ ನೋಡಿದಳು, ಈ ಕಡೆಯಿಂದ ನೋಡಿದಳು.

"ಚಂದ ಐತಿ. ಆದ್ರ ಗೌರಿ ಬಲಕ್ಕ ಯಾಕ ಬಂದಾಳ?"

ಸಗೀರಾ ತಲೆ ತಗ್ಗಿಸಿದಳು. ಹಂದರದ ಕೆಳಗೆ ಹೆಂಗಸರು ಮದುಮಕ್ಕಳ ಮಣೆ ಯಾವುದು ಯಾವ ಕಡೆ ಹಾಕುವುದೆಂದು ಮಾತಾಡುತ್ತಿದ್ದರು. ಅದು ಕಿವಿಗೆ ಬಿದ್ದದ್ದೇ ತಡ, ಶೈಲಶ್ರೀಗೆ ಮಾತು ಸಿಕ್ಕಿತು.

"ತಾಳಿ ಬೀಳೂತನಕ ಮದುಮಗಳು ಬಲಕ್ಕ ಕುಂಡರ್ತಾಳಲ್ರಿ ಆಯಿ? ಇಕಿನೂ ಇನ್ನ ಮದುಮಗಳ್ರಿ."

ಮುದುಕಿ ಬೊಚ್ಚುಬಾಯಿ ಬಿಟ್ಟು ನಕ್ಕಳು. "ಖರೇನ ಬಿಡವಾ! ಯಾರದಿದು ವಿಚಾರ?"

"ಸಗೀರಾಂದ್ರಿ."

ಆಯಿ ಸಗೀರಾಳನ್ನು ಹತ್ತಿರ ಕರೆದು ಗಲ್ಲ ಸವರಿ, ದೃಷ್ಟಿ ತೆಗೆಯುವಂತೆ ಲಟಿಕೆ ಮುರಿದಳು. ಊಟ ಮಾಡಿಸದೆ ಬಿಡಲಿಲ್ಲ.

ಮರಳುವ ಬಸ್ಸಿನಲ್ಲಿ ಶೈಲಶ್ರೀ ಹಗುರಾಗಿದ್ದಳು. ಎಲ್ಲ ಸರಿಹೋಯಿತೆಂದೇ ಅವಳ ಲೆಕ್ಕ. ಸಗೀರಾ ಖಾಲಿ ಚೀಲವನ್ನೇ ಮಡಚುತ್ತ ತಲೆಯೆತ್ತದೆ ಕೂತದ್ದು ನೋಡಿ ಅವಳ ಮೊಣಕೈ ತಟ್ಟಿದಳು.

"ಮುಂಜಾನೆ ಸಿಟ್ಟಿನ್ಯಾಗ ಬಾಯಿ ತಪ್ಪಿ ಬಂತವಾ. ಮನಸಿಗಿ ಹಚ್ಕೋಬ್ಯಾಡ."

"ಬಾಯಿ ತಪ್ಪಿ ಬರಲಿಲ್ಲ. ಒಳಗ ಇತ್ತು, ಅದಕ್ಕ ಬಂತು," ಎಂದಳು ಸಗೀರಾ. ದನಿಯಲ್ಲಿ ಸಿಟ್ಟಿರಲಿಲ್ಲ, ನೋವಿತ್ತು. "ಯಾವಾಗಿಂದ ಇತ್ತು, ಅಷ್ಟ ಹೇಳು. ನನ್ನ ಮನ್ಯಾಗ ಕುಂತು ನಮ್ಮವ್ವನ ಕೈಯಾಗಿಂದು ಚಾ ಕುಡಿಯುವಾಗನೂ ಇತ್ತೇನು?"

ಇರಲೇ ಇಲ್ಲ ಎನ್ನಲು ಶೈಲಶ್ರೀ ಬಾಯಿ ತೆರೆದಳು. ಆಯಿಯ ಮುಂದೆ ಅಷ್ಟು ಸಲೀಸಾಗಿ ಬಂದ ಮಾತು ಈಗ ಬರಲಿಲ್ಲ. ಸಗೀರಾ ಮುಖ ತಿರುಗಿಸದೆ ಅವಳನ್ನೇ ನೋಡುತ್ತ ಕಾಯುತ್ತಿದ್ದಳು.