ನಾಲ್ಕನೇ ದನಿ

ಶೈಲಜಾಳದು ಗಂಡು ದನಿ ಎಂದು ಊರೆಲ್ಲ ಆಡಿಕೊಂಡಿತ್ತು. ಆ ದನಿಗೆ ಒಂದು ಜಾಗ ಸಿಕ್ಕಿದ್ದು ನಲವತ್ತನೇ ವಯಸ್ಸಿಗೆ, ಭಾಗ್ಯನಗರದ ಹೊಲಿಗೆ ಅಂಗಡಿಯಲ್ಲಿ. ಅಲ್ಲಿ ಮಷಿನ್ ತುಳಿಯುತ್ತ ನಾಲ್ವರು ಹೆಂಗಸರು ತಮ್ಮ ತಾಯಂದಿರ ಕಾಲದ ರೇಡಿಯೊ ಹಾಡುಗಳನ್ನು ನಾಲ್ಕು ದನಿಯಲ್ಲಿ ಹೆಣೆದು ಹಾಡುತ್ತಿದ್ದರು. ತಬಲಾ ಇಲ್ಲ, ಹಾರ್ಮೋನಿಯಂ ಪೇಟಿ ಇಲ್ಲ. ಎಲ್ಲರಿಗಿಂತ ಕೆಳಗಿನ ಸ್ವರದಲ್ಲಿ, ಬಾಯಿ ಮುಚ್ಚಿ ಗುನುಗುವವಳು ಶೈಲಜಾ. ಕುಷ್ಟಗಿಯ ಮದುವೆಯೊಂದರಲ್ಲಿ ಯಾರೋ ಫೋನಿನಲ್ಲಿ ಹಿಡಿದ ಅವರ ಹಾಡು ಲಕ್ಷ ಜನರಿಗೆ ಮುಟ್ಟಿತು. ಆಮೇಲೆ ಯಲಬುರ್ಗಾ, ತಾವರಗೇರಾ, ಎಲ್ಲಿ ನೋಡಿದರೂ 'ಹಳೇ ರೇಡಿಯೊ' ತಂಡವೇ. ಹೆಸರು ಬಂದ ಬೆನ್ನಿಗೆ ಬುದ್ಧಿ ಹೇಳುವವರೂ ಬಂದರು.

ಗಂಗಾವತಿಯಲ್ಲಿ ವೇದಿಕೆ ಹತ್ತುವ ಮುಂಚೆ ಸಂಘಟಕ ಸಿದ್ದೇಶ, ತಂಡದ ಮುಂದಾಳು ಸುನಿತಾಳಿಗೆ ಹೇಳಿದ, "ಮೈಸೂರಿನ ಕಾರ್ಯಕ್ರಮಕ್ಕ ಮೂರು ಮಂದಿ ಸಾಕ್ರಿ ಅಕ್ಕಾರ. ಈ ಶೈಲಜಾ ಅಕ್ಕಾರ ದನಿ ವಿಡಿಯೋದಾಗ ಕೇಳೂದ ಇಲ್ಲ."

"ಇವತ್ತಿಂದು ಮುಗೀಲಿ, ಆಮ್ಯಾಲ ನೋಡೂಣ್ರಿ," ಎಂದಳು ಸುನಿತಾ.

ಪಕ್ಕದಲ್ಲೇ ನಿಂತಿದ್ದ ಶೈಲಜಾಳಿಗೆ ಸಿಟ್ಟು ನೆತ್ತಿಗೇರಿತು. ಹನ್ನೆರಡು ವರ್ಷದ ಗೆಳತಿ, ಒಂದು 'ಇಲ್ಲ' ಅನ್ನಲು ಬಾಯಿ ಬರಲಿಲ್ಲವೇ?

ಹಾಡು ಶುರುವಾಯಿತು. ಎರಡನೇ ಸಾಲಿಗೆ ಶೈಲಜಾಳ ದನಿ ಸ್ಪೀಕರಿನಿಂದ ಮಾಯವಾಯಿತು. ಕೈಸನ್ನೆ ಮಾಡಿದಳು. ಮೈಕಿನ ವಾಹೀದ ಎಲ್ಲ ಛಲೋ ಐತಿ ಎಂಬಂತೆ ತಲೆಯಾಡಿಸಿದ. ಕೆಳಗಿನ ಆಸರೆ ತಪ್ಪಿದ್ದೇ ಉಳಿದಿಬ್ಬರಲ್ಲಿ ಹಸನಬೀಯ ದನಿ ಮೇಲಕ್ಕೇರಿತು, ರೇಣುಕಮ್ಮ ಲಯದಲ್ಲಿ ಹಿಂದೆ ಬಿದ್ದಳು, ಸುನಿತಾಳ ಶ್ರುತಿ ಜಾರಿತು. ಜನ ಗುಸುಗುಸು ಶುರುಮಾಡಿದರು. ಯಾರೋ ಸಿಳ್ಳೆ ಹೊಡೆದರು.

ಹಾಡು ಬೀಳಲಿ, ನನ್ನ ದನಿಯ ಬೆಲೆ ಗೊತ್ತಾಗಲಿ ಎಂದು ಶೈಲಜಾ ಒಂದಿಡೀ ಸಾಲು ಸುಮ್ಮನೆ ನಿಂತಳು. ಅಷ್ಟರಲ್ಲಿ ಸುನಿತಾಳ ಕೈ ಬೆನ್ನ ಹಿಂದೆ ಬಂದು ಅವಳ ಸೆರಗಿಗಾಗಿ ತಡಕಾಡಿತು. ಸಿಟ್ಟು ಇಳಿಯಲಿಲ್ಲ, ಆದರೆ ಕಾಲುಗಳು ಮುಂದೆ ನಡೆದವು. ಸುನಿತಾಳ ಮೈಕಿಗೇ ಬಾಯಿ ಹಚ್ಚಿ ಗುನುಗಿದಳು. ಒಂದೊಂದಾಗಿ ಮೂರೂ ದನಿ ಅದರ ಮೇಲೆ ಬಂದು ಕೂತವು. ಹಾಡು ಮುಗಿದಾಗ ಚಪ್ಪಾಳೆ ನಿಲ್ಲಲಿಲ್ಲ.

ಕೆಳಗಿಳಿದಾಗ ವಾಹೀದ ಓಡಿ ಬಂದ. "ತಪ್ಪಾತ್ರಿ ಅಕ್ಕಾರ. ನಿಮ್ಮ ದನಿ ಗುಂಯ್ ಅಂತಿತ್ತಲ್ರಿ, ವೈರಿನ ಅರ್ಥಿಂಗ್ ಕೆಟ್ಟೈತಿ ಅಂತ ತಿಳದು ಆ ಮೈಕ್ ಬಂದ್ ಮಾಡಿದ್ನಿ."

ಸಿದ್ದೇಶ ನಗುತ್ತ, "ನಾಲ್ಕೂ ಮಂದಿ ಮೈಸೂರಿಗೆ ಬರ್ರಿ," ಅಂದ.

ಸುನಿತಾ ಗೆಳತಿಯ ಕೈ ಹಿಡಿದಳು. "ನೀ ಇಲ್ಲಂದ್ರ ನಾವೆಲ್ಲಿ, ಶೈಲಾ? ಆ ವಾಹೀದ ನೋಡು, ಎಂಥಾ ಕೆಲಸ ಮಾಡಿದ!"

ಶೈಲಜಾ ಕೈ ಬಿಡಿಸಿಕೊಂಡಳು.

"ಅದು ನನ್ನ ದನಿ ಅಂತ ಅವಗ ಗೊತ್ತಿರಲಿಲ್ಲ ಬಿಡು. ನಿನಗ ಗೊತ್ತಿತ್ತಲ್ಲ."