ರಾಜನಿಗೊಂದು ನೆಗೆತ

ಉಗುರು ಬೆಳೆದುಬಿಟ್ಟಿದೆ, ನಾಳೆ ಜುಮ್ಮಾ, ಬೆಳಿಗ್ಗೆಯೇ ಕತ್ತರಿಸಬೇಕು — ಚದುರಂಗದ ಹಾಸಿನ ಮೇಲೆ, ಕರಿ ರಾಜನ ನೆತ್ತಿಗೆ ಒತ್ತಿಕೊಂಡಿದ್ದ ಗಂಡನ ಎಡಗೈ ಬೆರಳನ್ನು ನೋಡಿ ಮಸ್ತಾನ್ ಬೀಗೆ ಮೊದಲು ಹೊಳೆದದ್ದು ಅಷ್ಟೇ, ಆಮೇಲೆ ಆ ರಾಜ ಎಲ್ಲಿ ಹೋಗಿ ಕೂತಿದ್ದಾನೆನ್ನುವುದು ಕಣ್ಣಿಗೆ ಬಿತ್ತು, ಎರಡು ಮನೆ ಮುಂದೆ, ಒಂದು ಮನೆ ಪಕ್ಕಕ್ಕೆ, ಇದು ಕುದುರೆಯ ನಡೆಯಲ್ಲವೇ, ರಾಜ ಎಲ್ಲಾದರೂ ಹೀಗೆ ಹಾರುತ್ತಾನೆಯೇ, ರಾಜಂಗೆ ಒಂದೇ ಮನೆ ದಾದಿಮಾ, ಯಾವ ಕಡೆಗಾದ್ರೂ ಹೋಗ್ಲಿ ಒಂದೇ ಮನೆ, ಎಷ್ಟ್ ಸಲ ಹೇಳ್ಬೇಕು ನಿಂಗೆ, ಸ್ಕೂಲಿನಲ್ಲಿ ಆಡಿ ಕಪ್ ತಂದ ಮೊಮ್ಮಗಳು ಅರ್ಜೂ ಸಂಜೆ ಸಂಜೆ ಕೂರಿಸಿಕೊಂಡು ಪಾಠ ಮಾಡಿದ್ದೆಲ್ಲ ಇದೇ. ಅಜೀ, ಹಂಗಲ್ಲ, ತಪ್ಪು ನಡೆ ಅದು, ಅಂತ ಮಸ್ತಾನ್ ಬೀ ಗಂಡನಿಗೆ ಹೇಳಿ ಮೆಲ್ಲಗೆ ರಾಜನನ್ನು ಎತ್ತಿ ಹಳೇ ಮನೆಯಲ್ಲಿಟ್ಟಿದ್ದಳು, ಅವರು ಮತ್ತೆ ಎತ್ತಿ ಅಲ್ಲೇ ಇಟ್ಟರು, ಇವಳು ಮತ್ತೆ ತಂದಿಟ್ಟಳು, ಅವರು ಮತ್ತೆ ಒಯ್ದಿಟ್ಟು ಈ ಸಲ ಬೆರಳು ತೆಗೆಯಲೇ ಇಲ್ಲ, ಉಗುರಿನ ತುದಿ ಬೆಳ್ಳಗಾಗುವಷ್ಟು ಒತ್ತಿ ಹಿಡಿದುಬಿಟ್ಟರು. ಹೊರಗೆ ಬಟವಾಡಿಯ ರಸ್ತೆಯಲ್ಲಿ ಸಿಟಿ ಬಸ್ಸೊಂದು ಹಾರ್ನ್ ಬಾರಿಸುತ್ತಲೇ ಇದೆ, ಯಾರಿಗೂ ದಾರಿ ಬಿಡುವ ಬುದ್ಧಿಯಿಲ್ಲ.

ಹಾಗಾದರೆ ಎಲ್ಲರೂ ಹೆದರಿಸಿದ್ದೇ ನಿಜವೇ, ಲಕ್ವ ಹೊಡೆದು ಬಲಗೈ ಹೋಯಿತು, ಮಾತು ಒಂದೆರಡು ಪದಕ್ಕೆ ಇಳಿಯಿತು, ಅಲ್ಲಾಹು ಕೊಟ್ಟಿದ್ದು ಅಂತ ಅದನ್ನೆಲ್ಲ ನುಂಗಿಕೊಂಡಾಯಿತು, ಆದರೆ ತಲೆ — ಆ ಡಾಕ್ಟರಮ್ಮ ಪೆನ್ನು ಹಿಡಿದು ಇದೇನು ತಾತ ಅಂದರೆ ಇವರು ನಲ್ಲಿ ಅಂದರು, ಗಡಿಯಾರ ತೋರಿಸಿದರೆ ಅದಕ್ಕೂ ನಲ್ಲಿ, ಗುಬ್ಬಿಯ ಅರ್ಧ ಊರಿಗೆ ಪ್ಯಾಂಟು ಹೊಲಿದುಕೊಟ್ಟ ಟೈಲರ್ ಹಬೀಬ್ ಸಾಬರು, ಮಾತು ಬೇರೆ ತಿಳುವಳಿಕೆ ಬೇರೆ ಕಣಮ್ಮಾ, ಒಳಗೆ ಎಷ್ಟು ಉಳಿದಿದೆ ಅಂತ ಈಗ್ಲೇ ಹೇಳಕ್ಕಾಗಲ್ಲ, ಅಂದುಬಿಟ್ಟರು ಡಾಕ್ಟರಮ್ಮ. ಅವತ್ತಿನಿಂದ ಮನೆಯವರ ದನಿಯೇ ಬದಲಾಯಿತು, ಕುಣಿಗಲ್ಲಿನಿಂದ ನೋಡಲು ಬಂದ ಅವಳ ತಮ್ಮ ಕಿವಿಯ ಹತ್ತಿರ ಬಾಯಿಟ್ಟು ಭಾವಾ, ಬಾಳೆಹಣ್ಣು, ಬಾಳೆಹಣ್ಣು ಅಂತ ಕಿರುಚಿದ, ಮಗ ನಯೀಮ್ ಅಂತೂ ಅವರೆದುರೇ, ಅಬ್ಬಾಗೆ ಏನೂ ಗೊತ್ತಾಗ್ತಿಲ್ಲ ಬಿಡು ಅಮ್ಮಿ, ಅಂತಾನೆ, ಮೈಯೆಲ್ಲ ಉರಿಯುತ್ತದೆ, ಆದರೆ ಅಲ್ಲ ಕಣೋ ಅನ್ನಲು ಅವಳ ಹತ್ತಿರ ಏನಿದೆ, ಆ ಕಣ್ಣು ತನ್ನನ್ನು ಗುರುತಿಸುತ್ತದೆ ಅಂತ ಅವಳಿಗನ್ನಿಸುತ್ತದೆ, ಅನ್ನಿಸಿದ್ದನ್ನು ಯಾರಿಗೆ ತೋರಿಸುವುದು. ಅದಕ್ಕೇ ಕಲಿತಳು, ಈ ವಯಸ್ಸಿನಲ್ಲಿ, ಮೊಮ್ಮಗಳ ಹತ್ತಿರ ಬೈಸಿಕೊಂಡು, ಆನೆ ನೇರ, ಒಂಟೆ ಓರೆ, ವಜೀರ ಇಷ್ಟ ಬಂದ ಕಡೆ, ಇವರು ಪ್ರಾಣ ಬಿಡುತ್ತಿದ್ದ ಆಟವಲ್ಲವೇ, ಇದರಲ್ಲಾದರೂ ಒಳಗಿನ ಮನುಷ್ಯ ಸಿಗುತ್ತಾನೇನೋ ಅಂತ. ಅರ್ಜೂ ಆಟಕ್ಕೆ ಕರೆದರೆ ಮುಖ ತಿರುಗಿಸುತ್ತಿದ್ದವರು ಇವತ್ತು, ಮನೆಯಲ್ಲಿ ಯಾರೂ ಇಲ್ಲದ ಈ ಮಧ್ಯಾಹ್ನ, ಅವಳೇ ಎದುರು ಕೂತು ಕಾಯಿ ಜೋಡಿಸಿದಾಗ ಬಹಳ ಹೊತ್ತು ನೋಡಿದರು, ಆಮೇಲೆ ಒಂದು ಸಿಪಾಯಿಯನ್ನು ಮುಂದೆ ತಳ್ಳಿದರು, ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಒಂದೊಂದು ನಡೆಯೂ ಸರಿಯಾಗಿತ್ತು, ಅವಳ ವಜೀರ ರಾಜನ ಹತ್ತಿರಕ್ಕೇ ನುಗ್ಗಿ, ಇನ್ನೊಂದೇ ನಡೆಗೆ ರಾಜನಿಗೆ ಗುರಿಯಿಟ್ಟು ಶಹ್ ಅನ್ನಲು ಅವಳ ನಾಲಿಗೆಯೂ ತಯಾರಾಗಿತ್ತು, ಆಗಲೇ ಈ ಹಾರಾಟ. ಕಲಿಯಲೇಬಾರದಿತ್ತು, ಏನೂ ಗೊತ್ತಿಲ್ಲದಿದ್ದರೆ ನಂಬಿಕೊಂಡಾದರೂ ಇರುತ್ತಿದ್ದೆ.

ಬೆರಳು ಇನ್ನೂ ಒತ್ತಿಕೊಂಡೇ ಇದೆ. ಮುಖದಲ್ಲಿ ಸಿಟ್ಟು — ಈ ಸಿಟ್ಟನ್ನು ಎಲ್ಲಿ ನೋಡಿದ್ದೇನೆ, ಹುಬ್ಬು ಹೀಗೇ ಗಂಟು, ತುಟಿ ಹೀಗೇ ಬಿಗಿ — ಪರದೆಯ ಸಂದಿಯಿಂದ, ಗುಬ್ಬಿಯಲ್ಲಿ, ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಹೂವಿನ ಪರದೆ, ಈಚೆ ಕೂತು ತಾನು ಅಂಗಿಗಳಿಗೆ ಕಾಜಾ ಹಾಕುತ್ತ, ಗುಂಡಿ ಹೊಲಿಯುತ್ತ, ಆಚೆ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಇವರ ಆಟ, ಪುಟ್ಟರಂಗಯ್ಯನವರು ತೆಂಗಿನಕಾಯಿ ಮಂಡಿ ಮುಚ್ಚಿ ಬಂದರೆಂದರೆ ಮುಗಿಯಿತು, ಮದುಮಗನ ಸೂಟೂ ಕಾಯಬೇಕು. ಬಾ ನೀನೂ ಆಡು ಅಂತ ಯಾರೂ ಕರೆಯಲಿಲ್ಲ, ಕರೆದಿದ್ದರೂ ಹೋಗುತ್ತಿರಲಿಲ್ಲ, ಆದರೆ ಕಿವಿಗೆ ಪರದೆ ಎಲ್ಲಿದೆ, ಏನ್ ಸಾಬ್ರೇ, ಇದ್ಯಾವ್ ಸೀಮೆ ನಡೆ, ರಾಜ ಕುದ್ರೆ ಆಗ್ಬುಟ್ನಾ, ಅಂತ ಪುಟ್ಟರಂಗಯ್ಯನವರು ಕೆಣಕುವುದು, ಇವರ ಗಟ್ಟಿ ದನಿ, ಶಹ್ ಬೀಳೋಕ್ ಮುಂಚೆ ರಾಜಂಗೆ ಒಂದ್ ನೆಗೆತ ಐತಲ್ಲಾ ರಂಗಣ್ಣ, ನಮ್ಮಪ್ಪನ್ ಕಾಲದಿಂದ ಐತೆ, ಮರ್ತ್ರಾ — ಯಾ ಅಲ್ಲಾಹ್. ನೆಗೆತ. ಇಡೀ ಆಟದಲ್ಲಿ ಒಂದೇ ಒಂದು ಸಲ, ಇನ್ನೂ ಶಹ್ ಬಿದ್ದಿರದಿದ್ದರೆ ಮಾತ್ರ. ಅರ್ಜೂಳ ಸ್ಕೂಲಿನ ಆಟದಲ್ಲಿ ಅದಿಲ್ಲ, ಗುಬ್ಬಿಯ ಮೇಜಿನ ಮೇಲೆ ಇತ್ತು, ವಜೀರ ಬರುವುದನ್ನು ನೋಡಿ, ಯೋಚನೆ ಮಾಡಿ, ಸರಿಯಾದ ಹೊತ್ತಿಗೆ ನೆಗೆಸಿದ್ದಾರೆ, ಪೆನ್ನಿಗೆ ನಲ್ಲಿ ಅಂದ ಮನುಷ್ಯ. ಇದೀರಾ, ಇಷ್ಟು ದಿನ ಇಲ್ಲೇ ಇದ್ರಾ, ನಾವೆಲ್ಲ ಕಿವಿಯಲ್ಲಿ ಕಿರುಚುವಾಗ, ನಯೀಮ್ ಹಾಗಂದಾಗ, ಎಲ್ಲ ಕೇಳಿಸ್ಕೊಂಡು ಸುಮ್ನೆ — ಸಂತೋಷವೂ ಹೌದು, ನಾಚಿಕೆಯೂ ಹೌದು, ಮಗನಿಗೆ ಈಗಲೇ ಫೋನು ಮಾಡಬೇಕು, ಬೇಡ, ಮೊದಲು ಆಟ ಮುಗಿಯಲಿ. ಅಜೀ, ತಪ್ಪು ನಂದೇ, ನಿಮ್ ನಡೆ ಸರಿ ಇದೆ, ಅಂದಳು, ಕೈ ಹಿಂದಕ್ಕೆ ತೆಗೆದು ಮಡಿಲಲ್ಲಿಟ್ಟುಕೊಂಡಳು.

ಬೆರಳು ರಾಜನನ್ನು ಬಿಟ್ಟಿತು. ಈಗ ಅವಳ ಸರದಿ, ಕಣ್ಣು ತುಂಬಿ ಹಾಸೆಲ್ಲ ಕಲಸಿಹೋಗಿದೆ, ಯಾವುದು ಕರಿ, ಯಾವುದು ಬಿಳಿ, ಸುಮ್ಮನೆ ಒಂದು ಸಿಪಾಯಿಯತ್ತ ಕೈ ಚಾಚಿದಳು, ಅವರು ಉಂಹೂಂ ಅಂದರು, ಬೆರಳು ತಮ್ಮ ಆನೆಯನ್ನು ಮುಟ್ಟಿತು, ಅಲ್ಲಿಂದ ಅವಳ ಬಿಳಿ ರಾಜ ನಿಂತ ಸಾಲಿನವರೆಗೆ ಗೆರೆ ಎಳೆಯಿತು, ಅಯ್ಯೋ, ಮುಂದಿನ ನಡೆಗೆ ನನಗೇ ಶಹ್, ಅಲ್ಲಿಗೆ ಆಟ ಮುಗಿದಂತೆ, ನೋಡಿಯೇ ಇರಲಿಲ್ಲ, ಬಾಯಿ ಮುಚ್ಚಿಕೊಂಡಿದ್ದರೆ ಅವರೇ ಗೆಲ್ಲುತ್ತಿದ್ದರು — ಬೆರಳು ಅವಳ ರಾಜನ ಮೇಲೆ ಬಂತು, ಅಲ್ಲಿಂದ ಎರಡು ಮನೆ ಮುಂದೆ ಜಾರಿತು, ಒಂದು ಮನೆ ಪಕ್ಕಕ್ಕೆ, ಅಲ್ಲಿ ನಿಂತಿತು, ನೆಗೆತ, ನನಗೂ ಒಂದು ನೆಗೆತ, ಹೇಳಿಕೊಡ್ತಿದ್ದಾರೆ, ಮದುವೆಯಾದಾಗಿನಿಂದ ಒಂದು ದಿನವೂ ಆಟಕ್ಕೆ ಎದುರು ಕೂರಿಸಿಕೊಳ್ಳದವರು, ಖಾಲಿ ಮನೆ, ಆ ಖಾಲಿ ಮನೆಯ ಮೇಲೆ ಬೆರಳು, ಅವಳಿಗಾಗಿ ಕಾಯುತ್ತ, ಬೆರಳು.