ನಾಲ್ಕು ಮಗ್ಗ

ಮೂರನೆಯ ಮಗ್ಗದಲ್ಲಿ ಎಳೆ ಕಡಿದದ್ದು ಡಾರ್ಕಸ್‌ಳ ಕಣ್ಣಿಗಿಂತ ಮೊದಲು ಪಾದಕ್ಕೆ ತಿಳಿಯಿತು. ನೆಲದ ಅದುರು ತುಸು ಬೇರೆಯಾಗಿತ್ತು. ಮಗ್ಗ ನಿಲ್ಲಿಸಿ, ಗಂಟು ಹಾಕಿ, ಮತ್ತೆ ಹಿಡಿ ಎಳೆದು ಓಡಿಸುವಷ್ಟರಲ್ಲಿ ನಾಲ್ಕನೆಯದರ ಲಾಳಿಯಲ್ಲಿ ನೂಲು ಮುಗಿಯುತ್ತ ಬಂದಿತ್ತು. ಅವಳವು ಎರಡೇ. ಉಳಿದೆರಡು ಲುವೈನಾಳವು. ಲುವೈನಾ ಗಿರಣಿಯ ವಸತಿಗೃಹದಲ್ಲಿ, ಇಬ್ಬರೂ ಹಂಚಿಕೊಂಡಿದ್ದ ಹಾಸಿಗೆಯಲ್ಲಿ, ಜ್ವರ ಹಿಡಿದು ಮಲಗಿ ನಾಲ್ಕು ದಿನವಾಗಿತ್ತು.

ಒಬ್ಬಳು ಮಲಗಿದರೆ ಪಕ್ಕದವಳು ಅವಳ ಮಗ್ಗ ನೋಡಿಕೊಳ್ಳುವುದು ಆ ಹುಡುಗಿಯರ ರೂಢಿ. ಆದರೆ ಒಂದು ದಿನ, ಹೆಚ್ಚೆಂದರೆ ಎರಡು. ನೂಲು ಒಣಗಿ ಕಡಿಯದಿರಲೆಂದು ಕಿಟಕಿಗಳಿಗೆ ಮೊಳೆ ಹೊಡೆದಿದ್ದರು. ಮಸುಕು ಗಾಜಿನಾಚೆ, ಗಿರಣಿಯ ಮಗ್ಗಗಳನ್ನೆಲ್ಲ ಓಡಿಸುವ ಮೆರಿಮ್ಯಾಕ್ ನದಿ ಹರಿಯುತ್ತಿದೆಯೋ ನಿಂತಿದೆಯೋ ತಿಳಿಯುತ್ತಿರಲಿಲ್ಲ.

ಎದುರು ಸಾಲಿನ ಹಲ್ಡಾ ಬಂದು ಮಗ್ಗಗಳ ಸದ್ದಿನಲ್ಲಿ ಡಾರ್ಕಸ್‌ಳ ಕಿವಿಗೆ ಬಾಯಿಟ್ಟು ಕೂಗಿದಳು. "ಒಂದನ್ನಾದ್ರೂ ನಿಲ್ಸೇ! ಮೇಸ್ತ್ರಿ ನೋಡ್ತಿದ್ದಾನೆ."

"ನಿಲ್ಸಿದ್ರೆ ಲುವೈನಾನ ಊರಿಗೆ ಅಟ್ತಾರೆ ಕಣೆ. ಆ ಮಲತಾಯಿ ಬಾಗ್ಲು ತೆಗೀತಾಳಾ?"

"ನಿನ್ನ ಪುಣ್ಯಕ್ಕಿಷ್ಟು ಬೆಂಕಿ ಹಾಕ! ಒಬ್ಬಳೇ ನಾಲ್ಕು ಓಡಿಸ್ಬೋದು ಅಂತ ಅವನಿಗೆ ತೋರಿಸ್ತಾ ಇದ್ದೀಯಲ್ಲೇ, ಪೆದ್ದಿ!"

ಸಂಜೆಯ ಗಂಟೆ ಬಾರಿಸಿ ಮಗ್ಗಗಳು ನಿಂತಾಗ ಮೇಸ್ತ್ರಿ ಟಿಲ್ಟನ್ ಬಂದ. ಬಟ್ಟೆಯನ್ನು ಅಂಗೈಯಲ್ಲಿ ಸವರಿದ.

"ಒಂದು ಎಳೇನೂ ತಪ್ಪಿಲ್ವಲ್ಲಮ್ಮ. ಭೇಷ್."

"ಲುವೈನಾ ನಾಳೆ ಬರ್ತಾಳೆ, ಸಾರ್."

"ಬರೋದು ಬೇಡ. ಊರಿಗೆ ಹೋಗಿ ಸುಧಾರಿಸ್ಕೊಳ್ಳಲಿ. ಇವೆರಡೂ ಇನ್ನು ನಿಂದೇ. ಸೋಮವಾರದಿಂದ ಎಲ್ಲರಿಗೂ ತಲಾ ನಾಲ್ಕು."

"ನನ್ ಕೈಲಿ ಆಗಲ್ಲ, ಸಾರ್."

"ನಾಲ್ಕು ದಿನದಿಂದ ಆಗ್ತಾ ಇದೆಯಲ್ಲಮ್ಮ," ಎಂದ ಅವನು, ಬಹಳ ಮೆತ್ತಗೆ.

ವರ್ಷ ತುಂಬುವ ಮುಂಚೆ ಬಿಟ್ಟು ಹೋದವಳಿಗೆ ಆ ನದಿಯ ಉದ್ದಕ್ಕೂ ಯಾವ ಗಿರಣಿಯೂ ಬಾಗಿಲು ತೆರೆಯುವುದಿಲ್ಲ. ಡಾರ್ಕಸ್ ಬಂದು ಏಳು ತಿಂಗಳಾಗಿತ್ತು. ಮೇಸ್ತ್ರಿಯ ಮಾತು ಕೇಳಿಸಿಕೊಂಡಿದ್ದ ಹುಡುಗಿಯರು ಮೆಟ್ಟಿಲಲ್ಲಿ ಸರಿದು ಅವಳಿಗೆ ದಾರಿ ಬಿಟ್ಟರು. ಯಾರ ಮೈಯೂ ಅವಳಿಗೆ ತಾಕಲಿಲ್ಲ.

ಕೋಣೆಯಲ್ಲಿ ಲುವೈನಾ ಎದ್ದು ಕೂತಿದ್ದಳು. ಮುಖ ತೊಳೆದಿದ್ದಳು.

"ಜ್ವರ ಬಿಡ್ತು ಕಣೆ. ನನ್ ಮಗ್ಗ ನಿಲ್ಲಿಸ್ಲಿಲ್ಲ ತಾನೆ?"

"ಇಲ್ಲ. ಒಂದ್ ಗಳಿಗೇನೂ ನಿಲ್ಲಿಸ್ಲಿಲ್ಲ."

"ನೀನಿಲ್ದಿದ್ರೆ ನನ್ ಗತಿ ಏನಾಗ್ತಿತ್ತು! ಬಾ, ಜಡೆ ಹಾಕು. ಬೆಳಿಗ್ಗೆ ಹೊತ್ತಿರಲ್ಲ."

ಲುವೈನಾ ಬೆನ್ನು ತಿರುಗಿಸಿ ಕೂತಳು. ಡಾರ್ಕಸ್ ಬೆವರು ಆರದ ಆ ಕೂದಲನ್ನು ಮೂರು ಕಾಲಾಗಿ ಸೀಳಿ ಹೆಣೆಯತೊಡಗಿದಳು. ಬೆರಳುಗಳು ಓಡುತ್ತಲೇ ಇದ್ದವು.

"ನಿಧಾನ ಮಾರಾಯ್ತಿ, ನೋಯುತ್ತೆ," ಎಂದು ಲುವೈನಾ ನಕ್ಕಳು.